ಮುಂದೇನಾಯ್ತು ಹೇಳೇ!

ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಗದೇ ಇದ್ದಿದ್ದರೆ ನನ್ನ ಕಾದಂಬರಿ ಇವತ್ತಿಗೂ ನಾಲ್ಕನೇ ಅಧ್ಯಾಯದಲ್ಲೇ ಕೂತಿರುತ್ತಿತ್ತು.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಊರು ಸಾಗರದ ಹತ್ತಿರ. ಎಂಜಿನಿಯರಿಂಗ್ ಓದುವಾಗಿನಿಂದಲೂ ಒಂದು ಕಾದಂಬರಿ ಬರೀಬೇಕು ಅನ್ನೋ ಆಸೆ. ಕಥೆಗಾಗಿ ಎಲ್ಲೂ ಅಲೆಯಬೇಕಾಗಿರಲಿಲ್ಲ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅಜ್ಜಿಯ ಊರು ಮುಳುಗಿತು. ಆಗ ಅಮ್ಮ ಕೈಗೂಸು. ಹೆಂಚು, ಕಂಬ, ಬಾಗಿಲು ಎಲ್ಲವನ್ನೂ ಬಿಚ್ಚಿ ಗಾಡಿಗೆ ಹೇರಿಕೊಂಡು ಬಂದರಂತೆ. ನಮ್ಮ ಮನೆಯ ಮುಂಬಾಗಿಲು ಇವತ್ತಿಗೂ ಆ ಮನೆಯದ್ದೇ. ಚಿಕ್ಕವಳಿದ್ದಾಗ ಅದಕ್ಕೆ ಒರಗಿಕೊಂಡೇ ನಾನು ಅಮ್ಮನ ವಾರಪತ್ರಿಕೆಗಳನ್ನು ಓದಿದ್ದು.

ಮೊದಲ ಮೂರು ಅಧ್ಯಾಯ ಒಂದೇ ಉಸಿರಿಗೆ ಬರೆದೆ. ಶನಿವಾರ ಬಂತೆಂದರೆ ಊಟ, ತಿಂಡಿ ನೆನಪಿರುತ್ತಿರಲಿಲ್ಲ. ಆಮೇಲೆ ಶುರುವಾಯಿತು ನೋಡಿ ನನ್ನ ಕೆಲಸದ ಚಾಳಿ. ಆಫೀಸಿನಲ್ಲಿ ನಾವು ಬರೆದ ಕೋಡನ್ನು ಇನ್ನೊಬ್ಬರು ನೋಡಿ, ತಪ್ಪು ತೆಗೆದು, ಸರಿ ಅನ್ನೋ ತನಕ ಅದು ಮುಂದಕ್ಕೆ ಹೋಗುವ ಹಾಗಿಲ್ಲ. ಮನೆಯಲ್ಲೂ ಅದನ್ನೇ ಮಾಡಿದೆ. ನಾನೇ ಬರೆಯೋದು, ನಾನೇ ತಪ್ಪು ಹುಡುಕೋದು. ಮೊದಲ ಅಧ್ಯಾಯವನ್ನೇ ತಿದ್ದಿ ತಿದ್ದಿ ಲ್ಯಾಪ್‌ಟಾಪ್ ತುಂಬ 'ಫೈನಲ್', 'ಫೈನಲ್ 2', 'ನಿಜವಾದ ಫೈನಲ್' ಅನ್ನೋ ಫೈಲುಗಳು. ಪಾತ್ರಗಳಿಗೆ ಎಕ್ಸೆಲ್ ಶೀಟು, ದಿನಕ್ಕೆಷ್ಟು ಪದ ಅನ್ನೋದಕ್ಕೆ ಗ್ರಾಫು. ಕಥೆ ಮಾತ್ರ ಅಲ್ಲೇ.

ನವೆಂಬರ್ ತಿಂಗಳಲ್ಲಿ 50,000 ಪದ ಬರೆಯಬೇಕಿದ್ದ 'ನ್ಯಾನೋರೈಮೋ' ಅನ್ನೋ ಸವಾಲಿನ ಬಗ್ಗೆ ಕೇಳಿರಬಹುದು. 1999ರಲ್ಲಿ ಅಮೆರಿಕದಲ್ಲಿ 21 ಜನ ಸ್ನೇಹಿತರು ಸೇರಿ ಶುರು ಮಾಡಿದ್ದು. ದಿನಕ್ಕೆ 1,667 ಪದ. ನಾನೂ ಹೊರಟೆ. ಒಂಬತ್ತನೇ ದಿನಕ್ಕೆ ಸುಸ್ತಾಗಿ ಕೈಬಿಟ್ಟೆ. ಆ ಸಂಖ್ಯೆ ನೋಡಿದರೆ ನನಗೆ ಆಫೀಸಿನ ಟಾರ್ಗೆಟ್ಟೇ ನೆನಪಾಗುತ್ತಿತ್ತು.

ಇದರ ಜೊತೆಗೆ ಇನ್ನೊಂದು ಅಳುಕು. ಶರಾವತಿ ಮುಳುಗಡೆಯ ಬಗ್ಗೆ ನಾ. ಡಿಸೋಜ ಅವರು 'ದ್ವೀಪ' ಬರೆದಾಗಿದೆ, ಗಿರೀಶ ಕಾಸರವಳ್ಳಿಯವರು ಅದನ್ನು ಸಿನಿಮಾನೂ ಮಾಡಿದ್ದಾರೆ. ಇನ್ನು ನಾನು ಹೊಸದಾಗಿ ಹೇಳೋದೇನಿದೆ? ಹೀಗೆ ಅಂದುಕೊಂಡು ಫೈಲ್ ಮುಚ್ಚಿದವಳು ಎರಡು ವರ್ಷ ತೆಗೆಯಲಿಲ್ಲ. ಯಾರಾದರೂ ಕೇಳಿದರೆ 'ಟೈಮ್ ಇಲ್ಲ' ಅಂತಿದ್ದೆ. ಟೈಮ್ ಇತ್ತು. ಬರೆಯೋಕೆ ಕೂತರೆ ಹೊಟ್ಟೆಯಲ್ಲಿ ಒಂಥರಾ ಸಂಕಟ, ಅಷ್ಟೇ.

ಹೀಗಿರುವಾಗ ಅಮ್ಮನಿಗೆ ಆಪರೇಷನ್ ಅಂತಾಯಿತು. ಅಮ್ಮ ಓದೋದನ್ನು ಬಿಟ್ಟು ಆಗಲೇ ಒಂದು ವರ್ಷದ ಮೇಲಾಗಿತ್ತು. ಅಕ್ಷರ ಎಲ್ಲ ಮಂಜು ಮಂಜು ಅಂತಿದ್ದಳು. ಧಾರಾವಾಹಿಯ ಪುಟಗಳನ್ನು ಕತ್ತರಿಸಿ, ದಬ್ಬಳದಲ್ಲಿ ಹೊಲಿದು, ರಟ್ಟು ಹಾಕಿ ಇಡುತ್ತಿದ್ದ ಹೆಂಗಸು ಅವಳು. ನಾನು ಮೂರು ವಾರ ವರ್ಕ್ ಫ್ರಮ್ ಹೋಮ್ ತಗೊಂಡು ಊರಿಗೆ ಹೋದೆ.

ಆಪರೇಷನ್ ಚೆನ್ನಾಗೇ ಆಯಿತು. ನಿಜವಾದ ಕೆಲಸ ಶುರುವಾಗಿದ್ದು ಆಮೇಲೆ, ಕಣ್ಣಿನ ಹನಿಯದ್ದು. ಒಂದು ಹನಿ ಹಾಕಿ, ಕಣ್ಣು ಮುಚ್ಚಿಸಿ, ಐದು ನಿಮಿಷ ಬಿಟ್ಟು ಇನ್ನೊಂದು ಬಾಟಲಿಯದ್ದು ಹಾಕಬೇಕು. ದಿನಕ್ಕೆ ಹಲವು ಸಲ. ಆ ಐದು ನಿಮಿಷ ಸುಮ್ಮನೆ ಮಲಗೋದು ಅಮ್ಮನಿಗೆ ಶಿಕ್ಷೆ.

"ಎಂತಾದ್ರೂ ಓದೇ ಮಾರಾಯ್ತಿ, ಬೇಜಾರು" ಅಂದಳು.

ಕೈಗೆ ಯಾವ ಪುಸ್ತಕವೂ ಸಿಗಲಿಲ್ಲ. ಲ್ಯಾಪ್‌ಟಾಪ್ ಎದುರಿಗೇ ಇತ್ತು. ಯಾರು ಬರೆದಿದ್ದು ಅಂತ ಹೇಳದೆ ನನ್ನ ಮೊದಲ ಅಧ್ಯಾಯ ಓದಿದೆ. ಅಷ್ಟು ಸಲ ತಿದ್ದಿದ ವಾಕ್ಯಗಳಿಗೆ ಅಮ್ಮ 'ಹೂಂ' ಕೂಡ ಅನ್ನಲಿಲ್ಲ. ಕಥೆಯ ಅಜ್ಜಿ ಮನೆ ಬಿಡೋ ಜಾಗ ಬಂದಾಗ ಮಾತ್ರ ತಡೆದಳು.

"ನಗ್ತಾ ಹೊರಟಳು ಅಂತ ಬರ್ದಿದೀಯಲ್ಲ, ನಿನ್ನ ಅಜ್ಜಿ ನಗ್ತಾ ಹೊರಟಿದ್ಲಾ?"

ನಾನೇ ಬರೆದಿದ್ದು ಅಂತ ಅವಳಿಗೆ ಗೊತ್ತಾಗಿಬಿಟ್ಟಿತ್ತು! ಎರಡು ದಿನದಲ್ಲಿ ಮೂರೂ ಅಧ್ಯಾಯ ಮುಗಿದವು. ಅರ್ಧಕ್ಕೆ ನಿಂತ ನಾಲ್ಕನೆಯದನ್ನೂ ಓದಿದೆ. ಅಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು, "ಮುಂದೇನಾಯ್ತು?"

"ಬರ್ದಿಲ್ಲಮ್ಮ."

"ಹೆಂಚು ತಂದ್ರು, ಬಾಗಿಲು ತಂದ್ರು. ಬಾವಿಗೆ ಎಂತ ಮಾಡಿದ್ರು?"

"ನಿಂಗೆ ಅಜ್ಜಿ ಹೇಳಿಲ್ವಾ?"

"ಇಲ್ಲ. ಅವಳು ಆ ಬಾವಿ ವಿಷಯಾನೇ ಎತ್ತುತ್ತಿರಲಿಲ್ಲ."

ಆ ರಾತ್ರಿ ನಿದ್ದೆ ಬರಲಿಲ್ಲ. ಬಾವಿಯನ್ನು ಗಾಡಿಗೆ ಹೇರೋಕಾಗಲ್ಲವಲ್ಲ! ಹಾಗಾದರೆ ಹೊರಡುವ ಹಿಂದಿನ ದಿನ ಅಜ್ಜಿ ಅದರ ಹತ್ತಿರ ಹೋಗಿ ಏನು ಮಾಡಿರಬಹುದು? ಯಾರಿಗೂ ಗೊತ್ತಿಲ್ಲ. ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ತಿಳಿಯೋಕೆ ಇದ್ದ ದಾರಿ ಒಂದೇ, ಕೂತು ಬರೆಯೋದು. ಬೆಳಗಿನ ಜಾವ ಐದಕ್ಕೆ ಎದ್ದು, ಲೆಕ್ಕ ಬರೆಯೋಕೆ ಇಟ್ಟಿದ್ದ ಒಂದು ಲಾಂಗ್ ಬುಕ್ ತಗೊಂಡು, ಮುಂಬಾಗಿಲಿಗೆ ಒರಗಿ ಕೂತೆ. ಪೆನ್ನಿನಲ್ಲಿ ಬರೆದರೆ ಅಳಿಸುವ ಗುಂಡಿ ಇರೋದಿಲ್ಲ, ಮುಂದಕ್ಕೇ ಹೋಗಬೇಕು. ತಲೆ ಎತ್ತಿ ನೋಡಿದರೆ ಏಳು ಗಂಟೆ. ಆರು ಪುಟ! ಹಾಲು ಕಾಯಿಸೋದು ಕೂಡ ಮರೆತಿತ್ತು.

ನನ್ನ ಕಥೆಯ ಅಜ್ಜಿ ಬಾವಿಯ ಗಡಗಡೆ ಬಿಚ್ಚಿಕೊಂಡು ಗಾಡಿಗೆ ಹಾಕುತ್ತಾಳೆ. ಆಮೇಲೆ ಕತ್ತಲಲ್ಲಿ ಒಬ್ಬಳೇ ವಾಪಸ್ ಹೋಗಿ ಅದನ್ನು ಮತ್ತೆ ಅಲ್ಲೇ ಸಿಕ್ಕಿಸಿ ಬರುತ್ತಾಳೆ. ನೀರು ಎಂದಾದರೂ ಇಳಿದರೆ ಯಾರಿಗಾದರೂ ಬೇಕಾದೀತು ಅಂತ. ಬರೆಯುವ ತನಕ ಇದು ನನಗೇ ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮಡೆನೂರಿನ ಹಳೇ ಅಣೆಕಟ್ಟು ಹಿನ್ನೀರಿನಿಂದ ಮೇಲೇಳೋದನ್ನು ನೋಡಿದ್ದೆನಲ್ಲ, ಅದೇ ಎಲ್ಲೋ ಮನಸ್ಸಿನಲ್ಲಿ ಉಳಿದಿರಬೇಕು.

ಮಧ್ಯಾಹ್ನದ ಹನಿ ಹಾಕಿ ಇದನ್ನು ಓದುವಾಗ ಅಮ್ಮನ ಮುಚ್ಚಿದ ಕಣ್ಣಿನಿಂದ ನೀರು ಬಂತು. ಔಷಧಿಯ ನೀರಲ್ಲ. ನಾನು ಗಾಬರಿಯಾಗಿ "ಕಣ್ಣು ಉಜ್ಜಬೇಡ!" ಅಂತ ಕೂಗಿದೆ.

"ನಮ್ಮಮ್ಮ ಹಂಗೇ ಮಾಡಿರ್ತಾಳೆ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಮಾಡಿರ್ಲಿಲ್ವೋ ಏನೋ. ಇರ್ಲಿ, ನಾಳೆ ಎಂತಾಗತ್ತೆ?"

ಆಮೇಲೆ ದಿನಾ ಬೆಳಿಗ್ಗೆ ಬರೆಯೋದು, ಹನಿ ಹಾಕುವಾಗ ಓದೋದು. ತಪ್ಪುಗಳು ಬೇಕಾದಷ್ಟು ಆದವು. "ನಿನ್ನೆ ದನದ ಹೆಸರು ಗೌರಿ ಅಂದೆ, ಇವತ್ತು ಕಾವೇರಿ ಅಂತೀಯಲ್ಲೇ!" ಅಂತ ಅಮ್ಮ ಹಿಡಿಯುತ್ತಿದ್ದಳು. ಅಂಚಿನಲ್ಲಿ ಒಂದು ಗುರುತು ಹಾಕಿ ಮುಂದೆ ಹೋಗುತ್ತಿದ್ದೆ. ತಿದ್ದೋದಕ್ಕೆ ಆಮೇಲೆ ಟೈಮ್ ಇದ್ದೇ ಇದೆ. ಮೂರು ವಾರದಲ್ಲಿ ಹನ್ನೊಂದು ಅಧ್ಯಾಯ! ಅವು ಚೆನ್ನಾಗಿವೆಯೋ ಇಲ್ಲವೋ ಗೊತ್ತಿಲ್ಲ. ಬರೆಯೋಕೆ ಕೂತಾಗಿನ ಆ ಸಂಕಟ ಮಾತ್ರ ಹೋಗಿತ್ತು. ನಾಳೆ ಏನಾಗತ್ತೆ ಅನ್ನೋ ಕುತೂಹಲ ಅಮ್ಮನಿಗಿಂತ ನನಗೇ ಜಾಸ್ತಿ ಇತ್ತು.

ನಾ. ಡಿಸೋಜ ಅವರ ಬಗ್ಗೆ ಇದ್ದ ಅಳುಕೂ ಹಗುರಾಯಿತು. ಅವರೂ ಸರ್ಕಾರಿ ನೌಕರಿ ಮಾಡಿಕೊಂಡೇ ಬರೆದವರು. ಅವರ ದ್ವೀಪ ಅವರದು. ನಮ್ಮಜ್ಜಿಯ ಬಾವಿಯನ್ನು ನಾನೇ ಬರೀಬೇಕು.

ಈಗ ಬೆಂಗಳೂರಿಗೆ ವಾಪಸಾಗಿದ್ದೇನೆ. ಅಮ್ಮನ ಇನ್ನೊಂದು ಕಣ್ಣಿನ ಆಪರೇಷನ್ನೂ ಆಯಿತು, ಪತ್ರಿಕೆಯ ಸಣ್ಣ ಅಕ್ಷರವನ್ನೂ ಕನ್ನಡಕ ಹಾಕಿ ಓದುತ್ತಾಳೆ. ಬೇಕಾದರೆ ಲಾಂಗ್ ಬುಕ್ ಕಳಿಸ್ತೀನಿ, ನೀನೇ ಓದು ಅಂದೆ.

"ನಿನ್ನ ಕಾಗೆ ಕಾಲಿನ ಅಕ್ಷರ ಯಾರು ಓದ್ತಾರೆ, ನೀನೇ ಓದಿ ಹೇಳು" ಅಂದಳು.

ಹಾಗಾಗಿ ರಾತ್ರಿ ಒಂಬತ್ತಕ್ಕೆ ಸರಿಯಾಗಿ ಫೋನ್ ಬರುತ್ತದೆ. ಮೊನ್ನೆ 26ನೇ ಅಧ್ಯಾಯ ಮುಗಿಯಿತು. ನಿಮ್ಮ ಕಪಾಟಿನಲ್ಲೂ ಅರ್ಧ ಬರೆದ ಕಥೆಯೊಂದು ಇದ್ದರೆ, ಇವತ್ತು ಅದನ್ನು ತಿದ್ದೋಕೆ ಹೋಗಬೇಡಿ. ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ಅವರು 'ಮುಂದೇನಾಯ್ತು?' ಅಂತ ಕೇಳಿದರೆ ಆ ರಾತ್ರಿ ನಿಮಗೂ ನಿದ್ದೆ ಬರಲಿಕ್ಕಿಲ್ಲ.