ಸೊನ್ನೆ ಬೇರೆ, ನಲ್ ಬೇರೆ

ಡೇಟಾಬೇಸ್ ಕೆಲಸಕ್ಕೆ ಸೇರಿದವರಿಗೆ ಮೊದಲ ವಾರವೇ ಹೇಳಿಕೊಡುವ ಪಾಠವೊಂದಿದೆ: ಸೊನ್ನೆ ಬೇರೆ, ನಲ್ ಬೇರೆ. ಸೊನ್ನೆ ಎಂದರೆ ಎಣಿಸಿ ನೋಡಿದೆವು, ಒಂದೂ ಇರಲಿಲ್ಲ. ನಲ್ ಎಂದರೆ ಯಾರೂ ಎಣಿಸಿಯೇ ಇಲ್ಲ. ಎಂ.ಟೆಕ್ ಮುಗಿಸಿ ಹತ್ತು ವರ್ಷ ಮುಂಬೈನಲ್ಲಿ ಕೋಡ್ ಬರೆದ ನನಗೆ ಇದು ಬರೀ ತಾಂತ್ರಿಕ ವಿಷಯವಾಗಿತ್ತು. ಕಳೆದ ವರ್ಷ ನಾಲ್ಕು ತಿಂಗಳು ರಜೆ ಹಾಕಿ, ಕಂಪನಿಗಳ ಹೊಣೆಗಾರಿಕೆ ಮತ್ತು ಮಾನವ ಹಕ್ಕುಗಳ ಬಗ್ಗೆ ಕೆಲಸ ಮಾಡುವ ಸಣ್ಣ ಸಂಸ್ಥೆಯೊಂದಕ್ಕೆ ಇಂಟರ್ನ್ ಆಗಿ ಸೇರಿದ ಮೇಲೆ ಹಾಗೆ ಉಳಿಯಲಿಲ್ಲ.

ಮೂವತ್ತೈದಕ್ಕೆ ಇಂಟರ್ನ್! ಧಾರವಾಡದಿಂದ ಅವ್ವ ಫೋನಿನಲ್ಲಿ, “ಇಷ್ಟು ಓದಿ ಮತ್ತ ಟ್ರೇನಿಂಗ್ ಏನಪಾ?” ಎಂದಳು. ದಾದರಿನ ಹಳೆ ಕಟ್ಟಡದಲ್ಲಿ ಎರಡು ಕೋಣೆಯ ಆಫೀಸು. ಪಕ್ಕದ ಕುರ್ಚಿಗಳಲ್ಲಿ ಇಪ್ಪತ್ತೆರಡರ ಕಾನೂನು ವಿದ್ಯಾರ್ಥಿಗಳು. ಅವರಿಗೆ ಎಕ್ಸೆಲ್ ಎಂದರೆ ಭಯ, ನನಗೆ ಕಾನೂನಿನ ಭಾಷೆ ಎಂದರೆ ಭಯ. ಹಾಗಾಗಿ ಬೇಗ ಹೊಂದಿಕೊಂಡೆವು.

ನನ್ನ ಪಾಲಿಗೆ ಬಂದದ್ದು ವರದಿಗಳನ್ನು ಓದುವ ಕೆಲಸ. ಷೇರುಪೇಟೆಯ ಮೊದಲ 1000 ಕಂಪನಿಗಳು ಲಾಭನಷ್ಟದ ಲೆಕ್ಕದ ಜೊತೆಗೆ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆಯ ವರದಿಯನ್ನೂ ಕೊಡಬೇಕೆಂದು ಸೆಬಿ 2021ರ ಮೇ ತಿಂಗಳಲ್ಲಿ ಹೇಳಿತು. 2022-23ರಿಂದ ಅದು ಕಡ್ಡಾಯ. ಒಂಬತ್ತು ತತ್ವಗಳಲ್ಲಿ ಐದನೆಯದು ಮಾನವ ಹಕ್ಕು, ಆರನೆಯದು ಪರಿಸರ. ವರದಿಯ ಆರಂಭದಲ್ಲೇ ಒಂದು ಕೋಷ್ಟಕ ಬರುತ್ತದೆ: ಸುತ್ತಲಿನ ಸಮುದಾಯ, ಕಾರ್ಮಿಕರು, ಗ್ರಾಹಕರು, ಷೇರುದಾರರು, ಇವರಿಂದ ಈ ವರ್ಷ ಎಷ್ಟು ದೂರು ಬಂದವು, ಎಷ್ಟು ಬಾಕಿ ಉಳಿದವು. ಎಕ್ಸ್‌ಬಿಆರ್‌ಎಲ್ ರೂಪದಲ್ಲೂ ಇದು ಸಿಗುವುದರಿಂದ ನೂರಾರು ವರದಿಗಳನ್ನು ಒಟ್ಟಿಗೆ ಓದಿಸುವ ಸ್ಕ್ರಿಪ್ಟ್ ಬರೆಯಲು ಎರಡು ದಿನ ಸಾಕಾಯಿತು. ಗ್ರಾಹಕರ ಸಾಲಿನಲ್ಲಿ ಸಾವಿರಗಟ್ಟಲೆ ದೂರು. ಸಮುದಾಯದ ಸಾಲಿನಲ್ಲಿ, ನಾನು ನೋಡಿದ ಬಹುಪಾಲು ವರದಿಗಳಲ್ಲಿ, ಸೊನ್ನೆ.

ಈ ಸೊನ್ನೆಯನ್ನು ಎಷ್ಟು ನಂಬಬಹುದು? ಮುಂಬೈನವರಿಗೆ ಮಾಹುಲ್ ಗೊತ್ತು. ಚೆಂಬೂರಿನ ದಕ್ಷಿಣಕ್ಕೆ ರಿಫೈನರಿ, ರಸಗೊಬ್ಬರ ಕಾರ್ಖಾನೆ, ರಾಸಾಯನಿಕ ಟ್ಯಾಂಕುಗಳ ನಡುವೆ ಇರುವ ಹಳೆಯ ಕೋಳಿ ಮೀನುಗಾರರ ಊರು. ಅಲ್ಲಿ ಕೆಇಎಂ ಆಸ್ಪತ್ರೆ ನಡೆಸಿದ ಸಮೀಕ್ಷೆಯಲ್ಲಿ ಶೇ 67.1ರಷ್ಟು ಜನ ತಿಂಗಳಿಗೆ ಮೂರಕ್ಕಿಂತ ಹೆಚ್ಚು ಸಲ ಉಸಿರಾಟದ ತೊಂದರೆ ಎಂದರು, ಶೇ 86.6 ಜನ ಕಣ್ಣುರಿ ಎಂದರು. ಊರವರು ಹಸಿರು ನ್ಯಾಯಮಂಡಳಿಗೆ ಹೋದರು. ಅಲ್ಲಿನ ಗಾಳಿಯಿಂದ ನಿವಾಸಿಗಳ ಆರೋಗ್ಯಕ್ಕೆ ಅಪಾಯವಿದೆ ಎಂದು 2015ರ ಡಿಸೆಂಬರ್‌ನಲ್ಲಿ ಮಂಡಳಿ ಒಪ್ಪಿತು. ಇಷ್ಟಾದರೂ, 2017ರಿಂದ ತಾನ್ಸಾ ನೀರಿನ ಪೈಪ್‌ಲೈನ್ ಪಕ್ಕದ ಗುಡಿಸಲುಗಳನ್ನು ಕೆಡವಿ ಸಾವಿರಾರು ಕುಟುಂಬಗಳನ್ನು ತಂದು ಹಾಕಿದ್ದು ಇದೇ ಮಾಹುಲ್‌ನ ಏಳು ಮಹಡಿಯ ಕಟ್ಟಡಗಳಿಗೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಇನ್ನು ಯಾರನ್ನೂ ಅಲ್ಲಿಗೆ ಕಳಿಸಬೇಡಿ, ಬೇರೆ ಮನೆ ಕೊಡಲಾಗದಿದ್ದರೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕೊಡಿ ಎಂದು ಬಾಂಬೆ ಹೈಕೋರ್ಟ್ ಹೇಳುವ ಹೊತ್ತಿಗೆ 2019 ಬಂದಿತ್ತು. 2020ರ ಆಗಸ್ಟ್‌ನಲ್ಲಿ ಹಸಿರು ನ್ಯಾಯಮಂಡಳಿ ಏಜಿಸ್ ಲಾಜಿಸ್ಟಿಕ್ಸ್‌ಗೆ 142 ಕೋಟಿ, ಎಚ್‌ಪಿಸಿಎಲ್‌ಗೆ 76.5 ಕೋಟಿ, ಬಿಪಿಸಿಎಲ್‌ಗೆ 67.5 ಕೋಟಿ ರೂಪಾಯಿ ಪರಿಹಾರ ಕಟ್ಟಲು ಆದೇಶಿಸಿತು.

ಆ ಕಟ್ಟಡಗಳಲ್ಲಿ ಸಿಕ್ಕ ಒಬ್ಬ ಅಕ್ಕ ಕಲಬುರಗಿ ಕಡೆಯವರು. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಬಂದವರು. ನಾನು ಕನ್ನಡ ಮಾತಾಡಿದ್ದೇ ತಡ, ಚಹಾ ಬಂತು. “ಯಾವತ್ತಾದರೂ ದೂರು ಕೊಟ್ಟೀರೇನ್ರಿ?” ಎಂದೆ. “ಯಾವ ಗೇಟಿಗಿ ಹೋಗಿ ಹೇಳಬೇಕ್ರಿ? ಈ ವಾಸ್ನಿ ಯಾರದು ಅಂತ ನಮಗ ಹ್ಯಾಂಗ ತಿಳೀಬೇಕು?” ಎಂದರು. ಇಷ್ಟು ನೇರವಾದ ಪ್ರಶ್ನೆ ನಮ್ಮ ಯಾವ ಪ್ರಶ್ನಾವಳಿಯಲ್ಲೂ ಇರಲಿಲ್ಲ. ಗಾಳಿಗೆ ಕಂಪನಿಯ ಹೆಸರು ಅಂಟಿರುವುದಿಲ್ಲ. ಹಾಗಾಗಿ ಆಕೆಯ ದೂರು ಯಾರ ವರದಿಗೂ ಸೇರುವುದಿಲ್ಲ. ನನ್ನ ಲೆಕ್ಕದಲ್ಲಿ ಅದು ನಲ್, ಸೊನ್ನೆಯಲ್ಲ.

ಅಲ್ಲಿಂದ ನಮ್ಮ ಶೀಟಿನಲ್ಲಿ ಹೊಸ ಕಾಲಂ ಒಂದು ಹುಟ್ಟಿತು. ದೂರು ಸ್ವೀಕರಿಸುವ ವ್ಯವಸ್ಥೆ ಇದೆಯೇ, ಇದ್ದರೆ ಲಿಂಕ್ ಕೊಡಿ ಎಂದು ಬಿಆರ್‌ಎಸ್‌ಆರ್ ನಮೂನೆಯೇ ಕೇಳುತ್ತದೆ. ನಾವು ಆ ಲಿಂಕುಗಳನ್ನು ಒಂದೊಂದಾಗಿ ತೆರೆಯತೊಡಗಿದೆವು. ಕೆಲವು ತೆರೆಯಲೇ ಇಲ್ಲ. ಅನೇಕವು ನಲವತ್ತು ಪುಟದ ಇಂಗ್ಲಿಷ್ ಪಿಡಿಎಫ್, ಕೊನೆಯಲ್ಲೊಂದು ಇಮೇಲ್ ವಿಳಾಸ. ಸ್ಥಳೀಯ ಭಾಷೆಯಲ್ಲಿ ಫೋನ್ ನಂಬರ್ ಕೊಟ್ಟ ಕಂಪನಿ ಸಿಕ್ಕರೆ ಆ ದಿನ ಆಫೀಸಿನಲ್ಲಿ ವಡಾಪಾವ್ ಪಾರ್ಟಿ. ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ 2011ರಲ್ಲಿ ಒಪ್ಪಿದ ಮಾರ್ಗದರ್ಶಿ ತತ್ವಗಳಲ್ಲಿ, ದೂರಿನ ದಾರಿ ಬಳಸುವವರ ಕೈಗೆಟುಕುವಂತಿರಬೇಕು ಎಂಬುದೂ ಒಂದು.

ವರದಿ ತುಂಬುವವರೆಲ್ಲ ಮೋಸಗಾರರು ಎಂದು ನನಗನಿಸುವುದಿಲ್ಲ. ಅಲ್ಲೂ ನನ್ನಂಥ ಹುಡುಗನೊಬ್ಬ ಡೆಡ್‌ಲೈನ್ ಹಿಂದಿನ ರಾತ್ರಿ ಕೂತು, ಇಮೇಲ್ ಬಾಕ್ಸ್ ನೋಡಿ, ಏನೂ ಬಂದಿಲ್ಲವೆಂದು ಸೊನ್ನೆ ಹಾಕಿರುತ್ತಾನೆ.

ಬಾಗಿಲಲ್ಲಿ ಕೂತು ದೂರಿಗೆ ಕಾಯದೆ, ಜನರಿದ್ದಲ್ಲಿಗೆ ಹೋಗಿ ಕೇಳಿಸಿಕೊಂಡವರು ಈ ಊರಲ್ಲಿ ಇದ್ದರು. ಅವರು ನಮ್ಮವರೇ ಎಂದು ನನಗೆ ಗೊತ್ತಾದದ್ದೂ ಆ ಆಫೀಸಿನ ಕಪಾಟಿನಿಂದ. ನ್ಯಾಯಮೂರ್ತಿ ಹೊಸಬೆಟ್ಟು ಸುರೇಶ್ 1929ರಲ್ಲಿ ಸುರತ್ಕಲ್ ಬಳಿಯ ಹೊಸಬೆಟ್ಟಿನಲ್ಲಿ ಹುಟ್ಟಿದವರು, 1991ರಲ್ಲಿ ಬಾಂಬೆ ಹೈಕೋರ್ಟಿನಿಂದ ನಿವೃತ್ತರಾದವರು. ಆಮೇಲೆ ಜನತಾ ನ್ಯಾಯಮಂಡಳಿಗಳಲ್ಲಿ ಕೂತು ಮುಂಬೈ ಗಲಭೆ, ಕೊಳೆಗೇರಿ ತೆರವು, ಪೂರ್ವ ಕರಾವಳಿಯ ಸಿಗಡಿ ಕೃಷಿಯ ಬಗ್ಗೆ ವಿಚಾರಣೆ ನಡೆಸಿದರು. ಆ ಮಂಡಳಿಗಳಿಗೆ ಯಾರಿಗೂ ಸಮನ್ಸ್ ಕೊಡುವ ಅಧಿಕಾರವಿರಲಿಲ್ಲ, ದಂಡ ಹಾಕುವಂತೆಯೂ ಇರಲಿಲ್ಲ. ಆದರೂ ಜನರ ಮಾತು ದಾಖಲಾಯಿತು. ಅವರು 2020ರ ಜೂನ್‌ನಲ್ಲಿ ತೀರಿಕೊಂಡರು. ಮುಂಬೈ ಕನ್ನಡಿಗರು ಎಂದರೆ ಹೋಟೆಲು, ಬ್ಯಾಂಕು, ಯಕ್ಷಗಾನ ಎಂದು ಹೇಳಿ ಮುಗಿಸುವವರು ಈ ಹೆಸರನ್ನೂ ಸೇರಿಸಿಕೊಳ್ಳಲಿ.

ಇಂಥ ಕೆಲಸಕ್ಕೆ ಎಲ್‌ಎಲ್‌ಬಿಯೇ ಬೇಕಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರದಲ್ಲಿರುವ ಕಾರ್ಖಾನೆ, ಷೇರುಪೇಟೆಯ ಪಟ್ಟಿಯಲ್ಲಿರುವ ಯಾವ ಕಂಪನಿಯದು ಎಂದು ಜೋಡಿಸುವುದೇ ಅರ್ಧ ಕೆಲಸ. ಒಂದೇ ಘಟಕಕ್ಕೆ ಮೂರು ಹೆಸರು, ಮೂರು ಸ್ಪೆಲ್ಲಿಂಗ್. ನಮ್ಮ ಐಟಿಯವರಿಗೆ ಇದು ಸಲೀಸು. ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಬರೆಯಲು ಬಂದರೆ ಇನ್ನೂ ಒಳ್ಳೆಯದು. ಸ್ಟೈಪೆಂಡ್ ನನ್ನ ಲೋಕಲ್ ಪಾಸು ಮತ್ತು ಮಧ್ಯಾಹ್ನದ ಥಾಲಿಗೆ ಸರಿಹೋಯಿತು.

ರಜೆ ಮುಗಿದು ಮತ್ತೆ ಪೊವಾಯಿಯ ಆಫೀಸಿಗೆ ಹೋಗುತ್ತಿದ್ದೇನೆ. ಶನಿವಾರ ಎರಡು ತಾಸು ಮಾತ್ರ ದಾದರಿಗೆ. ಇನ್ನೂ ನಾನೂರು ಲಿಂಕುಗಳನ್ನು ತೆರೆಯುವುದು ಬಾಕಿ ಇದೆ.