ಸಮುದ್ರವು ಎಷ್ಟು ಏರುವದು?

ಹುಬ್ಬಳ್ಳಿ-ಧಾರವಾಡಗಳು ಸಮುದ್ರಮಟ್ಟಕ್ಕಿಂತ 2,000 ಅಡಿಗೂ ಹೆಚ್ಚು ಎತ್ತರದಲ್ಲಿರುವಾಗ, ಕಡಲಿನ ಏರಿಕೆಯ ವಿಚಾರವು ನಮ್ಮ ಶಾಲೆಯ ಸ್ಮರಣಸಂಚಿಕೆಗೆ ಯಾಕೆ ಬೇಕೆಂದು ಕೆಲವರು ಕೇಳಬಹುದು. ಆದರೆ ಧಾರವಾಡದಲ್ಲಿ ಹುಟ್ಟುವ ಶಾಲ್ಮಲೆಯು ಬೇಡ್ತಿಯನ್ನು ಕೂಡಿಕೊಂಡು, ಗಂಗಾವಳಿಯೆಂಬ ಹೆಸರಿನಿಂದ ಅಂಕೋಲೆಯ ಸೀಮೆಯಲ್ಲಿ ಅರಬೀ ಸಮುದ್ರವನ್ನು ಸೇರುತ್ತದೆ. ನೀರಿನಂತೆಯೇ ನಮ್ಮ ಜನರೂ ಘಟ್ಟವನ್ನಿಳಿದಿದ್ದಾರೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿನಲ್ಲಿಯೂ, 1837ರಲ್ಲಿ ಧಾರವಾಡದಲ್ಲಿಯೂ, 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಸೇವೆಯನ್ನಾರಂಭಿಸಿದ ಮೇಲೆ ಘಟ್ಟದ ಮೇಲಣ ಸಭೆಗಳಿಗೂ ಕೆಳಗಣ ಸಭೆಗಳಿಗೂ ಕೊಟ್ಟು ತರುವ ಸಂಬಂಧ ಬೆಳೆಯಿತು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ಇಂದು ಕರಾವಳಿಯಲ್ಲಿ ಸಂಸಾರ ಹೂಡಿದ್ದಾರೆ. ಅವರು ನಮ್ಮನ್ನು ಕೇಳುವ ಪ್ರಶ್ನೆಯು ಹೀಗಿದೆ: “ಸಮುದ್ರವು ಏರುತ್ತಿದೆಯೆಂದು ಹೇಳುವ ಶಾಸ್ತ್ರಜ್ಞರು, ಎಷ್ಟು ಏರುವದೆಂಬುದನ್ನು ಒಂದೇ ಅಂಕೆಯಲ್ಲಿ ಹೇಳಲಾರರು. ಅವರಿಗೇ ತಿಳಿಯದಿದ್ದರೆ ನಾವು ಮನೆ ಕಟ್ಟುವವರು ಏನು ಮಾಡಬೇಕು?” ಈ ಪ್ರಶ್ನೆಗೆ ನಮ್ಮ ಶಕ್ತ್ಯನುಸಾರ ಉತ್ತರ ಕೊಡುವದೇ ಈ ಲೇಖನದ ಉದ್ದೇಶವು.

ಮೊದಲು ನಿಶ್ಚಯವಾಗಿ ತಿಳಿದ ಸಂಗತಿಗಳನ್ನು ನೋಡೋಣ. ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿಯೇ, 1878ರಿಂದ, ಮುಂಬಯಿಯ ಅಪೊಲೊ ಬಂದರದಲ್ಲಿ ಸಮುದ್ರದ ಉಬ್ಬರವಿಳಿತಗಳನ್ನು ಅಳೆದು ಬರೆದಿಡುವ ಕ್ರಮವುಂಟು. ಲೋಕದ ನಾನಾ ಬಂದರಗಳ ಇಂಥ ಲೆಕ್ಕಗಳೂ 1993ರಿಂದ ಉಪಗ್ರಹಗಳು ಮಾಡಿದ ಅಳತೆಗಳೂ ಒಂದೇ ಮಾತನ್ನು ಹೇಳುತ್ತವೆ. 1901ರಿಂದ 2018ರ ವರೆಗೆ ಲೋಕದ ಸಮುದ್ರಮಟ್ಟವು ಸರಾಸರಿ 20 ಸೆಂಟಿಮೀಟರಿನಷ್ಟು ಏರಿತು. 1971ರ ವರೆಗೆ ಅದರ ವೇಗವು ವರ್ಷಕ್ಕೆ ಸುಮಾರು 1.3 ಮಿಲಿಮೀಟರು ಇತ್ತು. 2006ರಿಂದ 2018ರ ವರೆಗಿನ ಅವಧಿಯಲ್ಲಿ ಅದು 3.7 ಮಿಲಿಮೀಟರಾಯಿತು. ಅಂದಮೇಲೆ ಏರಿಕೆಯು ಸಂಶಯದ ಮಾತಲ್ಲ; ಅದರ ವೇಗವು ಹೆಚ್ಚುತ್ತಿರುವದೂ ಸಂಶಯದ ಮಾತಲ್ಲ.

ಕಾರಣಗಳೂ ತಿಳಿದವೇ. ಕಾದ ನೀರು ಹಿಗ್ಗುವದು. ಕಲ್ಲಿದ್ದಲು, ಎಣ್ಣೆಗಳ ಹೊಗೆಯಿಂದ ಭೂಮಿಯು ಬಿಸಿಯಾದಂತೆ ಸಮುದ್ರವೂ ಕಾದು ಹಿಗ್ಗುತ್ತಿದೆ. ಇದಲ್ಲದೆ ಪರ್ವತಗಳ ಮೇಲಣ ಹಿಮವೂ ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಗಳ ಹಿಮರಾಶಿಯೂ ಕರಗಿ ಕಡಲನ್ನು ಸೇರುತ್ತಿವೆ. ನೀರು ತುಂಬಿದ ಲೋಟದಲ್ಲಿ ಮೊದಲೇ ತೇಲುತ್ತಿರುವ ಮಂಜುಗಡ್ಡೆಯು ಕರಗಿದರೆ ನೀರು ಏರದು; ಹೊರಗಿನಿಂದ ಗಡ್ಡೆಯನ್ನು ತಂದು ಹಾಕಿದರೆ ಏರುವದು. ಆದಕಾರಣ ನೆಲದ ಮೇಲಿರುವ ಹಿಮವೇ ಇಲ್ಲಿ ಮುಖ್ಯವಾದದ್ದು.

ಹಾಗಾದರೆ ಮುಂದಿನ ಲೆಕ್ಕದಲ್ಲಿ ಸಂದೇಹವು ಎಲ್ಲಿಂದ ಬರುತ್ತದೆ? ಮೂರು ಕಡೆಯಿಂದ ಬರುತ್ತದೆ. ಮೊದಲನೆಯದು ಮನುಷ್ಯನ ನಡತೆ. ಲೋಕದ ಜನರು ಮುಂದೆ ಎಷ್ಟು ಹೊಗೆಯನ್ನು ಬಿಡುವರೆಂಬುದು ಗಣಿತದಿಂದ ತಿಳಿಯುವ ವಿಷಯವಲ್ಲ. ಅದು ನಮ್ಮ ಆಯ್ಕೆಯನ್ನು ಅವಲಂಬಿಸಿದೆ. ಎರಡನೆಯದು ಹಿಮದ ಸ್ವಭಾವ. ಮಹಾ ಹಿಮರಾಶಿಯು ಮೆಲ್ಲಮೆಲ್ಲನೆ ಕರಗುವದನ್ನು ಎಣಿಸಬಹುದು. ಆದರೆ ಅದರ ಅಂಚು ಮುರಿದು ಬೀಳತೊಡಗಿದರೆ ಎಷ್ಟು ಬೇಗ ಬೀಳುವದೆಂಬುದು ಇನ್ನೂ ಚೆನ್ನಾಗಿ ತಿಳಿದಿಲ್ಲ. ಮೂರನೆಯದು ಸ್ಥಳದ ಭೇದ. ಗಾಳಿ, ಪ್ರವಾಹ, ಋತು ಇವುಗಳಿಂದ ಒಂದೊಂದು ತೀರದಲ್ಲಿ ಮಟ್ಟವು ಬೇರೆಯಾಗುವದು. ಕೆಲವೆಡೆ ನೆಲವೇ ಕುಸಿಯುತ್ತಿರುವದು.

ಈ ಮೂರನ್ನೂ ತೂಗಿನೋಡಿ, ಹವಾಮಾನದ ಬದಲಾವಣೆಯನ್ನು ಕುರಿತ ಐಪಿಸಿಸಿ ಮಂಡಳಿಯು 2021ರಲ್ಲಿ ತನ್ನ ವರದಿಯನ್ನು ಪ್ರಕಟಿಸಿತು. 1995ರಿಂದ 2014ರ ವರೆಗಿನ ಮಟ್ಟಕ್ಕೆ ಹೋಲಿಸಿದರೆ, 2050ರ ಹೊತ್ತಿಗೆ ಸಮುದ್ರವು ಸುಮಾರು 15ರಿಂದ 29 ಸೆಂಟಿಮೀಟರು ಏರಬಹುದು. 2100ರ ಹೊತ್ತಿಗೆ, ಹೊಗೆಯನ್ನು ಬಹಳವಾಗಿ ತಗ್ಗಿಸಿದರೆ 28ರಿಂದ 55 ಸೆಂಟಿಮೀಟರು. ಅತಿಯಾಗಿ ಹೆಚ್ಚಿಸಿದರೆ 63ರಿಂದ 101 ಸೆಂಟಿಮೀಟರು. ಹಿಮರಾಶಿಯು ಅನಿರೀಕ್ಷಿತವಾಗಿ ಮುರಿದರೆ ಸುಮಾರು 2 ಮೀಟರು ಏರುವದೂ ಅಸಾಧ್ಯವಲ್ಲವೆಂದು ಅದೇ ವರದಿಯು ಎಚ್ಚರಿಸುತ್ತದೆ.

ಈ ಅಂಕೆಗಳನ್ನು ಓದುವ ಕ್ರಮವನ್ನು ನಮ್ಮ ಹುಡುಗಿಯರು ಕಲಿಯಬೇಕೆಂಬುದು ನಮ್ಮ ಆಶೆ. ಎರಡು ಅಂಕೆಗಳ ನಡುವಣ ಅಂತರವು ಅಜ್ಞಾನದ ಗುರುತಲ್ಲ. ತಿಳಿವಳಿಕೆಯು ಎಲ್ಲಿಯ ವರೆಗೆ ಮುಟ್ಟಿದೆಯೆಂಬುದನ್ನು ಅದು ಪ್ರಾಮಾಣಿಕವಾಗಿ ತೋರಿಸುತ್ತದೆ. 2050ರ ವರೆಗಿನ ಅಂತರವು ಕಿರಿದು. ಅಷ್ಟು ಕಾಲಕ್ಕೆ ಏರಿಕೆಯು ಬಹುಮಟ್ಟಿಗೆ ನಿಶ್ಚಿತವಾಗಿದೆ. ಅದರಾಚೆ ದಾರಿಯು ಕವಲೊಡೆಯುತ್ತದೆ. ಯಾವ ಕವಲನ್ನು ಹಿಡಿಯುವೆವೆಂಬುದು ಬಹಳಷ್ಟು ನಮ್ಮ ಕೈಯಲ್ಲಿದೆ. ಇನ್ನೊಂದು ಮಾತು. ಅಂತರದ ಮೇಲ್ತುದಿಯೇ ಕೊನೆಯ ಮೇರೆಯಲ್ಲ. ಅದು ಸಂಭವವು ಹೆಚ್ಚಾಗಿರುವ ಅಂತರವೇ ಹೊರತು, ಅದನ್ನು ಮೀರುವ ಸಾಧ್ಯತೆಯನ್ನು ತಳ್ಳಿಹಾಕಿದ್ದಲ್ಲ.

ಆದರೆ ನಮ್ಮ ಕರಾವಳಿಯ ಎಲ್ಲ ಕಷ್ಟವನ್ನೂ ಈ ಏರಿಕೆಯ ತಲೆಗೆ ಕಟ್ಟುವದು ಸರಿಯಲ್ಲ. ಉಳ್ಳಾಲದಲ್ಲಿ ಮಳೆಗಾಲದ ಅಲೆಗಳು ದಂಡೆಯನ್ನು ಕೊರೆದು ಮನೆಗಳನ್ನು ಕೆಡವಿದ್ದಕ್ಕೆ, ಉಸುಕಿನ ಸಹಜವಾದ ಚಲನೆಯೂ ಅದಕ್ಕೆ ಅಡ್ಡಬರುವ ಕಟ್ಟಡಗಳೂ ಕಾರಣವಾಗಿವೆ. ಒಂದು ಕಡೆ ಕಲ್ಲಿನ ಗೋಡೆ ಹಾಕಿದರೆ ಕೊರೆತವು ಅದರ ಪಕ್ಕಕ್ಕೆ ಸರಿಯುವದೂ ಉಂಟು. ಮಟ್ಟವು ಏರಿದಂತೆ ಇಂಥ ಕೊರೆತವು ಬಲಗೊಳ್ಳುವದು, ಉಬ್ಬರದ ನೀರು ಇನ್ನೂ ಒಳಗೆ ನುಗ್ಗುವದು, ತೀರದ ಬಾವಿಗಳಿಗೆ ಉಪ್ಪುನೀರು ಸೇರುವ ಭಯವು ಹೆಚ್ಚುವದು.

ಹೀಗಿರುವಲ್ಲಿ ಮಾಡತಕ್ಕದ್ದೇನು? ಮದುವೆಯ ಮನೆಯನ್ನು ನೆನಸಿರಿ. ಎಷ್ಟು ಮಂದಿ ಉಣ್ಣಬರುವರೆಂಬುದು ಮನೆಯೊಡತಿಗೆ ನಿಶ್ಚಯವಾಗಿ ತಿಳಿಯದು. ತಿಳಿಯದೆಂದು ಆಕೆ ಒಲೆ ಹೊತ್ತಿಸದೆ ಕೂಡ್ರುವಳೋ? ಇಲ್ಲ. ಅನ್ನವು ಉಳಿದರೆ ಸ್ವಲ್ಪ ನಷ್ಟ, ಸಾಲದೆ ಹೋದರೆ ದೊಡ್ಡ ಅವಮಾನವೆಂದು ತಿಳಿದು, ಎಣಿಸಿದ್ದಕ್ಕಿಂತ ಒಂದಿಷ್ಟು ಹೆಚ್ಚಾಗಿಯೇ ಬೇಯಿಸುವಳು. ಇನ್ನಷ್ಟು ಅಕ್ಕಿಯನ್ನು ತೊಳೆದಿಟ್ಟು, ಪಂಕ್ತಿಯನ್ನು ನೋಡಿ ಒಲೆಗೆ ಏರಿಸುವಳು. ಇದರಲ್ಲಿ ಎರಡು ನಿಯಮಗಳಿವೆ. ತಪ್ಪಿದರೆ ಆಗುವ ನಷ್ಟವನ್ನು ನೋಡಿ ಅಂಕೆಯನ್ನು ಆರಿಸಬೇಕು. ಎಲ್ಲವನ್ನೂ ಒಮ್ಮೆಲೆ ಮಾಡದೆ ಹಂತಹಂತವಾಗಿ ಮಾಡಬೇಕು. ಕೆಲವು ವರ್ಷ ಬಾಳುವ ಚಪ್ಪರಕ್ಕೆ ನಡುವಣ ಅಂಕೆಯು ಸಾಕು. ನೂರು ವರ್ಷ ನಿಲ್ಲಬೇಕಾದ ಶಾಲೆಗೆ, ಆಸ್ಪತ್ರೆಗೆ, ಸೇತುವೆಗೆ ಮೇಲಿನ ಅಂಕೆಯನ್ನೇ ಹಿಡಿಯಬೇಕು. ಯಾಕಂದರೆ ಅಲ್ಲಿ ಪಣಕ್ಕಿಟ್ಟದ್ದು ಮಕ್ಕಳ ಪ್ರಾಣವು.

ದೊಡ್ಡ ನಗರಗಳೂ ಹೀಗೆಯೇ ನಡೆಯುತ್ತವೆ. 1953ರಲ್ಲಿ ಉತ್ತರಸಮುದ್ರವು ಉಕ್ಕಿ ನೆದರ್‌ಲ್ಯಾಂಡಿನಲ್ಲಿ 1,800ಕ್ಕೂ ಹೆಚ್ಚು ಜನರೂ, ಇಂಗ್ಲೆಂಡಿನಲ್ಲಿ 300ಕ್ಕೂ ಹೆಚ್ಚು ಜನರೂ ಮಡಿದರು. ಆ ಬಳಿಕ ಲಂಡನ್ನಿನವರು ಥೇಮ್ಸ್ ನದಿಗೆ ಅಡ್ಡವಾಗಿ, ಬೇಕಾದಾಗ ಮುಚ್ಚುವ ಬಾಗಿಲುಗಳನ್ನು ಕಟ್ಟಿದರು. 2012ರಲ್ಲಿ ಅವರು ಮಾಡಿದ ಯೋಜನೆಯು ಈ ಶತಮಾನದ ಕೊನೆಯ ವರೆಗಿನದು. ಅದರಲ್ಲಿ ಒಂದೇ ಅಂಕೆಯನ್ನು ನಂಬಿಲ್ಲ. ನೀರು ಎಷ್ಟು ಏರಿತೆಂಬುದನ್ನು ಅಳೆಯುತ್ತ, ಇಂಥ ಮಟ್ಟಕ್ಕೆ ಬಂದರೆ ಇಂಥ ಕೆಲಸವನ್ನು ಕೈಕೊಳ್ಳಬೇಕೆಂದು ಮುಂಚಿತವಾಗಿಯೇ ಗೊತ್ತುಮಾಡಿದ್ದಾರೆ.

ಅಷ್ಟು ದೂರ ಹೋಗಲೇಕೆ? ಕುಮಟೆಯ ಸೀಮೆಯಲ್ಲಿ ಅಘನಾಶಿನಿಯ ಮುಖದ ಗಜನಿಭೂಮಿಯ ರೈತರು ಉಪ್ಪುನೀರನ್ನು ಕಟ್ಟೆಗಳಿಂದಲೂ ಬಾಗಿಲುಗಳಿಂದಲೂ ಅಂಕೆಯಲ್ಲಿಟ್ಟು, ಉಪ್ಪನ್ನೂ ನೆರೆಯನ್ನೂ ತಾಳುವ ಕಗ್ಗವೆಂಬ ಭತ್ತವನ್ನು ಬೆಳೆದವರು. ಮಳೆಯೆಷ್ಟು ಬರುವದೆಂದು ಅವರಿಗೂ ತಿಳಿದಿರಲಿಲ್ಲ. ಹೇಗೆ ಬಂದರೂ ಪೂರ್ತಿ ಕೈಬಿಡದ ಬೀಜವನ್ನು ಅವರು ಆರಿಸಿಕೊಂಡರು. ಅಂಥ ತಳಿಯನ್ನೂ, ತೀರದ ಕಾಂಡ್ಲವನಗಳನ್ನೂ ಉಳಿಸಿಕೊಳ್ಳುವದು ಮುಂದೆ ಕಡಲು ಸ್ವಲ್ಪವೇ ಏರಲಿ, ಬಹಳವೇ ಏರಲಿ, ಲಾಭದ ಕೆಲಸವೇ.

ದೇವರು ನೋಹನಿಗೆ ವಾಗ್ದಾನ ಕೊಟ್ಟಿರುವಾಗ ಈ ಚಿಂತೆಯು ಯಾಕೆಂದು ಕೇಳುವ ಹಿರಿಯರೂ ಉಂಟು. ಆ ವಾಗ್ದಾನವನ್ನು ನಾವೂ ನಂಬುತ್ತೇವೆ. ಅದು ಸಕಲ ಭೂಮಿಯನ್ನು ಕುರಿತದ್ದು. ಒಂದು ಊರಿನ ಬಾವಿಯು ಉಪ್ಪಾಗದೆಂದು ಅಲ್ಲಿ ಹೇಳಿಲ್ಲ. ನೋಹನಾದರೋ ಮಳೆ ಬೀಳುವ ಮುಂಚೆಯೇ ನಾವೆಯನ್ನು ಕಟ್ಟಿದನು. ಹತ್ತು ಮಂದಿ ಕನ್ನಿಕೆಯರ ಸಾಮ್ಯವೂ ಇಲ್ಲಿ ನಮಗೆ ಪಾಠವಾಗಿದೆ. ಮದಲಿಂಗನು ಬರುವ ಗಳಿಗೆಯು ಐದು ಮಂದಿ ಬುದ್ಧಿವಂತೆಯರಿಗೂ ತಿಳಿದಿರಲಿಲ್ಲ. ಗಳಿಗೆ ತಿಳಿಯದೆಂಬ ಕಾರಣದಿಂದಲೇ ಅವರು ಹೆಚ್ಚಿನ ಎಣ್ಣೆಯನ್ನು ತಂದಿದ್ದರು.

ಆದುದರಿಂದ ಕರಾವಳಿಯಲ್ಲಿರುವ ನಮ್ಮ ವಿದ್ಯಾರ್ಥಿನಿಯರು ನಿವೇಶನ ಕೊಳ್ಳುವ ಮುಂಚೆ ಉಬ್ಬರದ ರೇಖೆಯನ್ನು ವಿಚಾರಿಸಲಿ. ನೆಲಗಟ್ಟನ್ನು ಎತ್ತರವಾಗಿ ಹಾಕಿಸಲಿ. ಬಾವಿಯ ನೀರಿನ ರುಚಿಯನ್ನು ವರ್ಷವರ್ಷವೂ ಗಮನಿಸಿ ಬರೆದಿಡಲಿ. ಘಟ್ಟದ ಮೇಲಿರುವ ನಾವು ದೀಪಕ್ಕೂ ವಾಹನಕ್ಕೂ ಬಳಸುವ ಇಂಧನವನ್ನು ಮಿತಗೊಳಿಸೋಣ. ಯಾಕಂದರೆ ಇಲ್ಲಿಯ ಹೊಗೆಯೂ ಅಲ್ಲಿಯ ನೀರಿನ ಲೆಕ್ಕಕ್ಕೆ ಸೇರುವದು. ನಾಳೆಯನ್ನು ಪೂರ್ಣವಾಗಿ ತಿಳಿಯುವದು ದೇವರಿಗೆ ಸೇರಿದ್ದು. ತಿಳಿದಷ್ಟರಿಂದ ಇಂದು ನೆರೆಯವರ ಹಿತಕ್ಕಾಗಿ ನಡೆಯುವದು ನಮಗೆ ಒಪ್ಪಿಸಲ್ಪಟ್ಟ ಕೆಲಸವು.