ರಾಜೀನಾಮೆ ಕೇಳಿದಾಗ ಸಹಿಗೆ ಅವಸರ ಬೇಡ

ಪುಣೆಯ ಐಟಿ ಕಂಪನಿಗಳಲ್ಲಿ ‘ನಿಮ್ಮನ್ನು ತೆಗೆಯುತ್ತಿದ್ದೇವೆ’ ಎಂದು ನೇರವಾಗಿ ಹೇಳುವವರು ಕಡಿಮೆ. ‘ನೀವೇ ರಾಜೀನಾಮೆ ಕೊಡಿ, ಅನುಭವ ಪತ್ರ ಚೆನ್ನಾಗಿರುತ್ತೆ’ ಎನ್ನುತ್ತಾರೆ. ಒಂಬತ್ತು ವರ್ಷ ದುಡಿದ ಮೇಲೆ ನನಗೂ ಇದೇ ಮಾತು ಬಂತು. ಉತ್ತರ ಕೊಡಲು ಎರಡು ದಿನ.

ಗದಗಿನಲ್ಲಿರುವ ಅಪ್ಪನಿಗೆ ಫೋನ್ ಮಾಡಿದೆ. ‘ತಗದ್ರು ಅನ್ನಿಸ್ಕೊಳ್ಳೂದು ಬ್ಯಾಡ ತಮ್ಮಾ, ನೀನ ಬಿಟ್ಟುಬಿಡು’ ಎಂದರು. ಅವರದು ಮರ್ಯಾದೆಯ ಲೆಕ್ಕ. ನನ್ನ ಮುಂದಿದ್ದದ್ದು ಮನೆ ಸಾಲದ ಕಂತು, ಮಗಳ ಶಾಲೆ ಫೀ, ಅಪ್ಪನ ಹೆಸರೂ ಇದ್ದ ಕಂಪನಿಯ ಆರೋಗ್ಯ ವಿಮೆ.

ಕಾರ್ಮಿಕ ವಕೀಲರೊಬ್ಬರು ಲೆಕ್ಕ ಬಿಡಿಸಿ ಹೇಳಿದರು. ಐದು ವರ್ಷ ತುಂಬಿದವರಿಗೆ ತಾವೇ ಬಿಟ್ಟರೂ, ಹೆಚ್ಚುವರಿ ಎಂದು ತೆಗೆದರೂ ಗ್ರಾಚ್ಯುಟಿ ಸಿಗುತ್ತದೆ. ಪಿಎಫ್ ಹಣವೂ ನಮ್ಮದೇ. ವ್ಯತ್ಯಾಸ ಇರುವುದು ಪರಿಹಾರದಲ್ಲಿ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದು 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಉಳಿದಿರುವ ನಿಯಮದಂತೆ, ವರ್ಷ ಪೂರೈಸಿದ ಕಾರ್ಮಿಕನನ್ನು ಹೆಚ್ಚುವರಿ ಎಂದು ತೆಗೆದರೆ ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ, ಜೊತೆಗೆ ಪ್ರತಿ ಸೇವಾ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಕೊಡಬೇಕು. ತಾನಾಗಿ ಬಿಟ್ಟವನಿಗೆ ಇದಿಲ್ಲ. ಆಡಳಿತ ಹುದ್ದೆಯವರಿಗೂ ಈ ರಕ್ಷಣೆ ಇಲ್ಲ. ಅವರಿಗೆ ನೇಮಕಾತಿ ಪತ್ರದ ಷರತ್ತೇ ಆಧಾರ. ಆದರೆ ಹುದ್ದೆಯ ಹೆಸರಿಗಿಂತ ಮಾಡುವ ಕೆಲಸ ಮುಖ್ಯ. ನನ್ನ ಹುದ್ದೆಯಲ್ಲಿ ‘ಲೀಡ್’ ಎಂದಿದ್ದರೂ ದಿನವಿಡೀ ಮಾಡುತ್ತಿದ್ದುದು ಕೋಡಿಂಗ್.

‘ನಾನು ರಾಜೀನಾಮೆ ಕೊಡುವುದಿಲ್ಲ. ನಿಮ್ಮ ನಿರ್ಧಾರವನ್ನು ಕಾರಣ ಸಹಿತ ಬರೆದು ಕೊಡಿ’ ಎಂದು ಮೇಲ್ ಕಳಿಸಿದೆ. ಆಮೇಲಿನ ಎರಡು ವಾರ ಸುಲಭವಿರಲಿಲ್ಲ. ಪಕ್ಕದ ಮೇಜಿನವರೂ ಮಾತು ಕಡಿಮೆ ಮಾಡಿದರು. ಕೊನೆಗೆ ನೋಟಿಸ್ ಅವಧಿಯ ಸಂಬಳದ ಜೊತೆ ನಾಲ್ಕೂವರೆ ತಿಂಗಳ ವೇತನಕ್ಕೆ ಕಂಪನಿ ಒಪ್ಪಿತು. ಬಿಡುಗಡೆ ಪತ್ರದಲ್ಲಿ ಸೇವೆಯ ದಿನಾಂಕಗಳಷ್ಟೇ ಇದ್ದವು. ಅದನ್ನು ಓದಿಯೇ ಸಹಿ ಹಾಕಿದೆ. ವಿಮೆ ಕೊನೆಯ ದಿನಕ್ಕೇ ಮುಗಿಯುವುದರಿಂದ, ಅದಕ್ಕೂ ಮೊದಲೇ ಅಪ್ಪನಿಗೆ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಅರ್ಜಿ ಹಾಕಿದ್ದೆ.

ಮುಂದಿನ ಸಂದರ್ಶನದಲ್ಲಿ ‘ಪ್ರಾಜೆಕ್ಟ್ ಮುಚ್ಚಿತು, ಜನರನ್ನು ಇಳಿಸಿದರು’ ಎಂದು ಇದ್ದದ್ದನ್ನೇ ಹೇಳಿದೆ. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು.

ಬೇರೆ ಕೆಲಸದ ಪತ್ರ ಕೈಯಲ್ಲಿದ್ದರೆ ರಾಜೀನಾಮೆ ಕೊಟ್ಟು ನಗುತ್ತಾ ಹೊರಡಿ. ಇಲ್ಲದಿದ್ದರೆ ನೇಮಕಾತಿ ಪತ್ರ, ಸಂಬಳದ ಚೀಟಿಗಳ ಪ್ರತಿ ಮೊದಲು ಮನೆಗೆ ತನ್ನಿ. ಬಾಯಿಮಾತಿನ ಭರವಸೆಯನ್ನೆಲ್ಲ ಬರಹದಲ್ಲಿ ಕೇಳಿ. ಊರು ಬಿಟ್ಟು ದುಡಿಯುವ ನಮಗೆ ನಾಲ್ಕು ತಿಂಗಳ ಬಾಡಿಗೆ, ದಿನಸಿಯೂ ಮರ್ಯಾದೆಯ ಮಾತೇ.